ಕಾರು ಕುಸಿದರೆ ಬೆಂಗಳೂರಿಗೇ ಓಡಬೇಕೆ?

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಹಳೆಯ ದೊಡ್ಡ ಕಾರು ಕೊಂಡವರಿಗೆ ಈ ಕಾಯಿಲೆ ಗೊತ್ತು. ರಾತ್ರಿ ಶೆಡ್ಡಿನಲ್ಲಿ ನೆಟ್ಟಗೆ ನಿಂತಿದ್ದ ಎಸ್‌ಯುವಿ ಬೆಳಿಗ್ಗೆ ನೋಡಿದರೆ ಕಾಲು ಸೋತ ಎಮ್ಮೆಯ ಹಾಗೆ ಒಂದು ಮಗ್ಗುಲಿಗೆ ಕೂತಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದರೆ ಗೊರ್ ಎಂದು ಸದ್ದು ಮಾಡಿ ಮೆಲ್ಲಗೆ ಏಳುತ್ತದೆ. 'ಸರಿಹೋಯ್ತಲ್ಲ ಬಿಡಿ' ಅಂತಾರೆ ಮನೆಯವರು. ಸರಿಹೋಗಿರುವುದಿಲ್ಲ. ಒಂದು ದಿನ ಏಳುವುದನ್ನೇ ನಿಲ್ಲಿಸುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ, ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಶೆಡ್ಡಿನಲ್ಲೇ ಉಳಿಯುತ್ತದೆ.

ಇದು ಎಲೆಕ್ಟ್ರಾನಿಕ್ ಸಸ್ಪೆನ್ಷನ್ ಸವೆದ ಲಕ್ಷಣ. ಜೀಪಿಗೆ ಇರುವುದು ಉಕ್ಕಿನ ಪ್ಲೇಟು. ರೇಂಜ್ ರೋವರ್, ಆಡಿ ಕ್ಯೂ 7, ಮರ್ಸಿಡಿಸ್ ಜಿಎಲ್‌ಎಸ್ ಮುಂತಾದ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಗಾಳಿಚೀಲ ಇರುತ್ತದೆ. ಗಾಳಿ ತುಂಬಲು ಒಂದು ಕಂಪ್ರೆಸರ್, ಕಾರು ಎಷ್ಟು ಎತ್ತರದಲ್ಲಿದೆ ಎಂದು ಹೇಳಲು ಚಕ್ರಗಳ ಬಳಿ ಸೆನ್ಸರ್, ಎಲ್ಲದರ ಮೇಲೆ ಮೇಸ್ತ್ರಿಯಂತೆ ಒಂದು ಪುಟ್ಟ ಕಂಪ್ಯೂಟರ್. ಕೆಲವು ಕಾರುಗಳ ಶಾಕ್ ಅಬ್ಸಾರ್ಬರಿನ ಎಣ್ಣೆಯಲ್ಲಿ ಕಬ್ಬಿಣದ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಕರೆಂಟು ಹರಿದರೆ ಎಣ್ಣೆ ಗಟ್ಟಿಯಾಗುತ್ತದೆ, ನಿಂತರೆ ತೆಳುವಾಗುತ್ತದೆ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 2002ರಲ್ಲಿ ಬಂದ ವಿದ್ಯೆ ಅದು. ಕೂತವರಿಗೆ ಸುಖವೋ ಸುಖ. ಆದರೆ ರಬ್ಬರು ರಬ್ಬರೇ. ಬಿಸಿಲು, ಕೆಸರು, ಮಲೆನಾಡಿನ ಮಳೆ ತಿಂದು ಕೆಲವು ವರ್ಷಗಳಲ್ಲಿ ಮಡಿಕೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಆಗ ಶುರುವಾಗುತ್ತದೆ ಯಜಮಾನರ ಪೇಚಾಟ. ಇಂಥ ಕಾರಿನ ಕಂಪನಿ ವರ್ಕ್‌ಶಾಪು ಬೇಕೆಂದರೆ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಕೂತ ಕಾರು ಘಾಟಿ ಇಳಿಯುವುದಿಲ್ಲ, ಲಾರಿಯ ಮೇಲೆ ಹೇರಬೇಕು. ಅಲ್ಲಿ ಬಿಲ್ಲು ಲಕ್ಷದ ಮಾತು. ಪೇಟೆಯ ಗ್ಯಾರೇಜಿಗೆ ಹೋದರೆ ಉತ್ತರ ಬೇರೆ. 'ಗೌಡ್ರೇ, ಸ್ಪ್ಯಾನರ್ ಕೆಲಸ ನಂದು. ಕಂಪ್ಯೂಟರ್ ಕೆಲಸಕ್ಕೆ ಕಂಪನಿಯೋರು ನಂಗೇನೂ ಕೊಟ್ಟಿಲ್ಲ' ಅಂತಾರೆ ಸಾಬ್ರು. ಸಾಬ್ರ ಮಾತಿನಲ್ಲಿ ಸುಳ್ಳಿಲ್ಲ.

ಹೀಗಾಗಿ ಕೆಲವರು ಪಾರ್ಟು ತರಿಸಿ ಮನೆಯಂಗಳದಲ್ಲೇ ಕೆಲಸಕ್ಕೆ ಇಳಿಯುತ್ತಾರೆ. ಕಾಫಿ ಕಣದ ಸಿಮೆಂಟು ನೆಲವೇ ವರ್ಕ್‌ಶಾಪು. ನೋಡಿದವರು ನಗುತ್ತಾರೆ. ನಗುವಂಥದ್ದು ಏನಿದೆ ಸ್ವಾಮಿ? ಜೀಪಿನ ಪ್ಲೇಟು ಕಟ್ಟಾದರೆ ಎಸ್ಟೇಟಿನಲ್ಲೇ ಬದಲಿಸಿ ಬೆಳೆದ ಸೀಮೆ ಇದು. ಪಲ್ಪರ್ ಕೆಟ್ಟರೆ, ಪಂಪ್‌ಸೆಟ್ ಕೆಟ್ಟರೆ ಇಲ್ಲಿ ಯಾರೂ ಬೆಂಗಳೂರಿಗೆ ಓಡಿದ್ದಿಲ್ಲ. ತನ್ನ ದುಡ್ಡು ಕೊಟ್ಟು ಕೊಂಡ ವಸ್ತುವನ್ನು ತಾನೇ ಬಿಚ್ಚಿ ನೋಡುವುದು ಹುಚ್ಚಲ್ಲ, ಹಕ್ಕು.

ಕೆಲಸವೂ ಬ್ರಹ್ಮವಿದ್ಯೆ ಅಲ್ಲ. ಮೊದಲು ರೋಗ ಗುರುತಿಸಬೇಕು. ಸೈಕಲ್ ಶಾಪಿನವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾನಲ್ಲ, ಅದೇ ಲೆಕ್ಕ. ಚೀಲಕ್ಕೂ ಪೈಪಿನ ಜಾಯಿಂಟಿಗೂ ಸೋಪಿನ ನೀರು ಸಿಂಪಡಿಸಿದರೆ ಸೋರುವ ಜಾಗ ಗುಳ್ಳೆ ಕಟ್ಟಿ ತಾನೇ ಹೇಳುತ್ತದೆ. ಬಹಳ ಜನ ಎಡವುವುದು ಇಲ್ಲೇ. ಕಂಪ್ರೆಸರ್ ಸುಟ್ಟಿತು ಎಂದು ಹೊಸ ಕಂಪ್ರೆಸರ್ ಹಾಕಿಸುತ್ತಾರೆ. ಅದು ಸುಟ್ಟಿದ್ದೇ ಸೋರುವ ಚೀಲಕ್ಕೆ ಹಗಲೂ ರಾತ್ರಿ ಗಾಳಿ ತುಂಬಿ. ಚೀಲ ಬದಲಿಸದೆ ಹಾಕಿದ ಹೊಸ ಕಂಪ್ರೆಸರ್ ಕೂಡ ಅದೇ ದಾರಿ ಹಿಡಿಯುತ್ತದೆ.

ಆದರೆ ಹಕ್ಕಿನ ಜೊತೆ ಎಚ್ಚರ ಇಲ್ಲದಿದ್ದರೆ ಹೆಣ ಬೀಳುತ್ತದೆ. ಎರಡು ಟನ್ನಿಗೂ ಮೀರಿದ ಗಾಡಿಯನ್ನು ಬರೀ ಜ್ಯಾಕಿನ ಮೇಲೆ ನಂಬಿ ಅಡಿಗೆ ತೂರುವವನು ಧೈರ್ಯಶಾಲಿ ಅಲ್ಲ, ಪೆದ್ದ. ಸಮನೆಲ ಇರಬೇಕು, ನೆಲದ ಮೇಲಿರುವ ಚಕ್ರಗಳಿಗೆ ಕಟ್ಟೆ ಕೊಡಬೇಕು, ಉಕ್ಕಿನ ಸ್ಟ್ಯಾಂಡು ಕೊಡದೆ ಕೈ ಹಾಕಬಾರದು. ಇಟ್ಟಿಗೆ, ಸೈಜುಗಲ್ಲು ಕೊಡುವುದಂತೂ ಬೇಡವೇ ಬೇಡ. ಕಾರನ್ನು ಎತ್ತಿದ ಕೂಡಲೇ ಕಂಪ್ಯೂಟರು ತನ್ನಷ್ಟಕ್ಕೆ ಎತ್ತರ ಸರಿಮಾಡಲು ಹೊರಡುತ್ತದೆ. ಆದ್ದರಿಂದ ಎತ್ತುವ ಮೊದಲೇ ಅದನ್ನು ಬಂದ್ ಮಾಡಬೇಕು. ಚೀಲ ಸೋರುತ್ತಿದೆಯೇ ಎಂದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತಲೆ ತೂರಿಸಿ ನೋಡಬಾರದು, ಕಾರು ಕುಸಿದರೆ ತಲೆ ಅಲ್ಲೇ ಉಳಿಯುತ್ತದೆ. ಪೈಪಿನಲ್ಲಿರುವುದು ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಒತ್ತಡದ ಗಾಳಿ. ಅದನ್ನು ಇಳಿಸುವ ಕ್ರಮ ಕಾರಿನ ರಿಪೇರಿ ಪುಸ್ತಕದಲ್ಲಿದ್ದಂತೆ ಆಗಬೇಕು.

ಇನ್ನೂ ಕೆಲವು ಮಾತು. ಒಂದು ಆಕ್ಸಲ್ಲಿನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಕಾರು ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಹೊಸ ಚೀಲಕ್ಕೆ ಗಾಳಿ ತುಂಬದೆ ಕಾರಿನ ಭಾರ ಇಳಿಸಿದರೆ ರಬ್ಬರು ತಪ್ಪಾಗಿ ಮಡಚಿ ಮೊದಲ ದಿನವೇ ಹರಿಯಬಹುದು. ಕೆಳಗಿನ ಆರ್ಮಿನ ಬುಷ್ ಬೋಲ್ಟುಗಳನ್ನು ಕಾರು ನಿಲ್ಲುವ ಎತ್ತರಕ್ಕೆ ಬಂದ ಮೇಲೆ ಬಿಗಿಯಬೇಕು. ಚಕ್ರ ಜೋತುಬಿದ್ದಾಗ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹಾಳಾಗುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ತಪ್ಪಿಸಕೂಡದು.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದವನೂ ಕೊನೆಯ ಗಳಿಗೆಯಲ್ಲಿ ಸೋಲಬಹುದು. ಹೊಸ ಪಾರ್ಟು ಕೂತಿದೆ, ಬೋಲ್ಟು ಬಿಗಿದಿದೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಆರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಸರಿಯಾದ ಎತ್ತರ ಇದೇ ಎಂದು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಕಲಿಸಲು ಸ್ಕ್ಯಾನರ್ ಬೇಕು, ಅದರೊಳಗಿನ ಸಾಫ್ಟ್‌ವೇರ್ ಬೇಕು. ಅದಕ್ಕೆ ಬೀಗ. ಬೀಗದಕೈ ಕಂಪನಿಯ ಹತ್ತಿರ. ಕಾರು ಮಾರಿದ ಮೇಲೂ ಅರ್ಧ ಕಾರು ಕಂಪನಿಯದೇ ಎಂದಂತಾಯಿತಲ್ಲ!

ಈ ಬೀಗದ ಮೇಲೆ ದೆಹಲಿಯಲ್ಲಿ ಆಗಲೇ ತೀರ್ಪು ಬಂದಿತ್ತು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿ ಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿರುವುದು, ರಿಪೇರಿ ಪುಸ್ತಕ ಮತ್ತು ರೋಗ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದಿರುವುದು ತಪ್ಪು ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಕಾರು, ಟ್ರಾಕ್ಟರು, ಮೊಬೈಲು, ಫ್ರಿಜ್ಜು ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಸಂತೋಷ. ಆದರೆ ಪೋರ್ಟಲ್ಲಿನಲ್ಲಿ ಜಾಗ ಇದ್ದ ಮಾತ್ರಕ್ಕೆ ಸಾಬ್ರ ಗ್ಯಾರೇಜಿಗೆ ಸ್ಕ್ಯಾನರ್ ಬಂದು ಕೂರುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರು ರಿಪೇರಿ ಹಕ್ಕನ್ನು ಕಾನೂನು ಮಾಡಿತು. 2020ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಬೇಕೆ ಎಂದು ಜನರನ್ನೇ ಕೇಳಿದಾಗ ನೂರಕ್ಕೆ ಸುಮಾರು 75 ಮತ ಹೌದು ಎಂದವು.

ಕಂಪನಿಯವರ ವಾದವೂ ಉಂಟು. ಇದು ಪ್ರಾಣದ ಪ್ರಶ್ನೆ, ಕಂಡಕಂಡವರ ಕೈಗೆ ಕೊಡಲಾಗದು ಅಂತಾರೆ. ಪ್ರಾಣದ ಪ್ರಶ್ನೆ ಹೌದು. ಹಾಗಾದರೆ ಬ್ರೇಕು? ದೇಶದ ತುಂಬ ಬ್ರೇಕ್ ರಿಪೇರಿ ಮಾಡುತ್ತಿರುವವರು ಸಣ್ಣ ಗ್ಯಾರೇಜಿನವರೇ ಅಲ್ಲವೆ? ಅಪಾಯ ಇರುವ ಕೆಲಸಕ್ಕೆ ಸರಿಯಾದ ಮಾಹಿತಿ ಹೆಚ್ಚು ಬೇಕು, ಕಡಿಮೆ ಅಲ್ಲ. ಪುಸ್ತಕ ಸಿಗದವನು ಊಹೆಯ ಮೇಲೆ ಬಿಚ್ಚುತ್ತಾನೆ. ಊಹೆಯೇ ಅಪಾಯ.

ಗಾಳಿಚೀಲದ ಸಹವಾಸವೇ ಬೇಡವೆಂದು ಉಕ್ಕಿನ ಸ್ಪ್ರಿಂಗ್ ಕಿಟ್ಟು ಹಾಕುವವರೂ ಇದ್ದಾರೆ. ಖರ್ಚು ಕಡಿಮೆ, ಬಾಳಿಕೆ ಹೆಚ್ಚು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ. ಇಂಥ ಕಿಟ್ಟು ಅದರಡಿ ಬರುತ್ತದೋ ಇಲ್ಲವೋ, ಆರ್‌ಟಿಓ ಕಚೇರಿ ಒಂದು ನೋಟೀಸು ಹಚ್ಚಿ ಸ್ಪಷ್ಟಪಡಿಸಿದರೆ ಗಂಟೇನು ಹೋಗುತ್ತದೆ? ಅಲ್ಲಿಯವರೆಗೆ ಮಾಲೀಕರು ಆರ್‌ಟಿಓ ಕಚೇರಿಯಲ್ಲೂ ಇನ್ಶೂರೆನ್ಸಿನವರಲ್ಲೂ ಬರಹದಲ್ಲಿ ಕೇಳಿಕೊಂಡು ಮುಂದುವರಿಯುವುದು ಲೇಸು.

ಇನ್ನು ರೋಗದ ಮೂಲ. ಸಸ್ಪೆನ್ಷನ್ನನ್ನು ವಯಸ್ಸಿಗೆ ಮೊದಲೇ ಮುಗಿಸುವುದು ರಸ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲೇ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಎಂದು ಬರೆದಿತ್ತು. ಹಳ್ಳಿ ರಸ್ತೆಗಳಲ್ಲಿ ಕಾಣುವುದೇನು? ರಾತ್ರೋರಾತ್ರಿ ಸಿಮೆಂಟು ಮೆತ್ತಿದ ಮೊಣಕಾಲುದ್ದದ ದಿಣ್ಣೆ! ಅದಕ್ಕೆ ಬಿಳಿ ಪಟ್ಟೆಯೂ ಇಲ್ಲ, ಬೋರ್ಡೂ ಇಲ್ಲ. ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳು ಅಳತೆ ಟೇಪು ಹಿಡಿದು ಒಂದು ಸುತ್ತು ಬರಲಿ.

ಇದೆಲ್ಲ ಶ್ರೀಮಂತರ ಕಾರಿನ ಗೋಳು, ಬಡವರಿಗೇನು ಎಂದು ಕೈಬಿಡುವಂತಿಲ್ಲ. ಮಹೀಂದ್ರಾ ಕಂಪನಿ 2024ರ ನವೆಂಬರಿನಲ್ಲಿ ತೋರಿಸಿದ ಬಿಇ 6, ಎಕ್ಸ್‌ಇವಿ 9ಇ ಗಾಡಿಗಳಿಗೂ ರಸ್ತೆ ನೋಡಿ ಬದಲಾಗುವ ಸಸ್ಪೆನ್ಷನ್ ಬಂದಿದೆ. ಇಂದು ಎಸ್ಟೇಟ್ ಮಾಲೀಕರ ಶೆಡ್ಡಿನಲ್ಲಿರುವುದು ನಾಳೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿರುತ್ತದೆ. ಆಗ ಕೆಟ್ಟು ಕೂತ ಗಾಡಿಯ ಮುಂದೆ ಬ್ಯಾಂಕಿನ ಕಂತು ನೆನೆದು ಅಳುವವನು ಡ್ರೈವರು.

ಅಷ್ಟರೊಳಗೆ ಸರ್ಕಾರಿ ಐಟಿಐಯಲ್ಲಿ ಒಂದು ಒಳ್ಳೆಯ ಸ್ಕ್ಯಾನರ್ ಬರಲಿ. ಸಂಜೆ ಹೊತ್ತು ಪೇಟೆಯ ಮೆಕ್ಯಾನಿಕ್ಕುಗಳಿಗೆ, ಆಸಕ್ತಿ ಇರುವ ಮಾಲೀಕರಿಗೆ ಕಲಿಸಲಿ. ಪಾರ್ಟು ಮಾರುವ ಕಂಪನಿ ಅದನ್ನು ಕೂರಿಸುವ ವಿದ್ಯೆಯನ್ನೂ ಮಾರಲಿ, ದುಡ್ಡು ಕೊಡಲು ಜನ ತಯಾರಿದ್ದಾರೆ. ಕೆಟ್ಟಿದ್ದನ್ನು ಸರಿಮಾಡುವ ಕೈಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಕೈಗೆ ಬೇಡಿ ಹಾಕಿದವರು ಅದನ್ನು ಬಿಚ್ಚಬೇಕು, ಅಷ್ಟೆ.