ಉಬ್ಬಸಕ್ಕೆ ವಂಶವೊಂದೇ ಹೊಣೆಯೆ?

ಯಾರಿಗಾದರೂ ಉಬ್ಬಸವಿದೆಯೆಂದೊಡನೆ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, “ಮನೆತನದಲ್ಲಿ ಹಿಂದೆ ಯಾರಿಗಾದರೂ ಇತ್ತೆ?” ಎಂಬುದು. ಹೆಣ್ಣು ನೋಡಲು ಬಂದವರಂತೂ ಇದನ್ನು ನೆರೆಮನೆಯಲ್ಲಿ ಗುಟ್ಟಾಗಿ ವಿಚಾರಿಸದೆ ಹೋಗುವುದಿಲ್ಲ. ಪ್ರಶ್ನೆಯೇ ತಪ್ಪೆಂದು ನಾನು ಹೇಳಲಾರೆ. ತಾಯಿಗೋ ತಂದೆಗೋ ಉಬ್ಬಸವಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ಆದರೆ ವಂಶದಿಂದ ಬರುವುದು ರೋಗಕ್ಕೆ ಈಡಾಗುವ ಒಲವೇ ಹೊರತು ರೋಗವಲ್ಲ. ಆ ಒಲವನ್ನು ಬಲಿಸುವ ಗಾಳಿಯ ಬಗ್ಗೆ ನಾವು ಚಕಾರವೆತ್ತುವುದಿಲ್ಲ. ಮಗುವಿಗೆ ದಮ್ಮು ಏಕೆ ಬಂತೆಂದು ಜಾತಕ ತೋರಿಸಲು ಹೊರಟ ತಂದೆಯೇ ತೊಟ್ಟಿಲ ಪಕ್ಕದಲ್ಲಿ ಕುಳಿತು ಬೀಡಿ ಸೇದುತ್ತಿರುತ್ತಾನೆ!

ರಾಮನಗರದ ಕಡೆ ರೇಷ್ಮೆ ನೂಲು ಬಿಚ್ಚುವ ಕೆಲಸ ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ಬಿಸಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಹಬೆ, ಒಲೆಯ ಹೊಗೆ, ಸತ್ತ ಹುಳುವಿನ ನಾತ ಎಲ್ಲವೂ ಒಂದಾಗಿ ಸೂರಿನಡಿ ತುಂಬಿಕೊಳ್ಳುತ್ತವೆ. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ನೀರಿನಲ್ಲಿ ಸಡಿಲಗೊಳ್ಳುತ್ತದೆ. ಅದರ ಮತ್ತು ಹುಳುವಿನ ಸೂಕ್ಷ್ಮ ಕಣಗಳು ಉಸಿರಿನೊಡನೆ ಎದೆಗೆ ಇಳಿಯುತ್ತವೆ. ಮೊದಲ ದಿನ ಏನೂ ಆಗದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರ ದೇಹ ಆ ಕಣಗಳನ್ನು ಹಗೆಯೆಂದು ಬಗೆಯತೊಡಗುತ್ತದೆ. ಅಲ್ಲಿಂದ ಮುಂದೆ ಅಷ್ಟಿಷ್ಟು ಸೋಕಿದರೂ ಶ್ವಾಸನಾಳ ಬಿಗಿಯುತ್ತದೆ. ಹಿಟ್ಟಿನ ಗಿರಣಿ, ಬೇಕರಿ, ಮರಗೆಲಸಗಳ ಧೂಳಿನಲ್ಲೂ ಇದೇ ಕಥೆ. ಇಂಥವರಿಗೆ ಅಜ್ಜನ ಉಬ್ಬಸವನ್ನು ನೆನಪಿಸಿ ಫಲವೇನು?

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಗ್ರಂಥ ಬರೆದನು. ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದನು: ನಿನ್ನ ಕಸುಬೇನು? ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ನಮ್ಮ ಎಷ್ಟೋ ಆಸ್ಪತ್ರೆಗಳ ಚೀಟಿಯ ಮೇಲೆ ಕಾಣುವುದಿಲ್ಲ. ಹೆಸರು, ವಯಸ್ಸುಗಳ ಪಕ್ಕದಲ್ಲಿ ಅದಕ್ಕೂ ಒಂದು ಗೆರೆ ಜಾಗ ಸಾಕು. ರಜೆಯ ದಿನ ಉಸಿರು ಹಗುರಾಗಿ, ಕೆಲಸಕ್ಕೆ ಹೋದೊಡನೆ ಮತ್ತೆ ಕಟ್ಟುವುದೇ ಎಂದೂ ಕೇಳಬೇಕು. ಹೌದೆಂದಾದರೆ ಔಷಧಿಯೊಡನೆ ಆ ಕೆಲಸದ ಮನೆಗೆ ಎತ್ತರದ ಕಿಟಕಿಯೂ ಹೊಗೆಗೊಳವೆಯೂ ಬೇಕು. ಅವುಗಳ ಖರ್ಚನ್ನು ದಿನಗೂಲಿಯ ಹೆಂಗಸು ಹೊರಲಾರಳು, ಮಾಲೀಕನೇ ಹೊರಬೇಕು.