ಗುಳಿಗೆಯ ಬೆನ್ನಿನ ಬರಹ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಸೀರೆಯ ವಿಷಯದಲ್ಲಿ ಯಾರನ್ನೂ ಮೋಸಗೊಳಿಸುವುದು ಸುಲಭವಲ್ಲ. ಮಗ್ಗದ ಸದ್ದಿನ ನಡುವೆಯೇ ಬೆಳೆದ ಹೆಂಗಸು ಸೆರಗಿನ ಅಂಚನ್ನು ಎರಡು ಬೆರಳುಗಳ ನಡುವೆ ಒಮ್ಮೆ ಹೊಸೆದರೆ ಸಾಕು; ಅದು ರೇಷ್ಮೆಯೋ ಬೆರಕೆಯ ನೂಲೋ ಎಂಬುದು ತಿಳಿದುಹೋಗುತ್ತದೆ. ಸಂತೆಯಲ್ಲಿ ಅವಳು ಬದನೆಯ ತೊಟ್ಟನ್ನು ನೋಡುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾಳೆ. ಬೇಳೆಯನ್ನು ಅಂಗೈಯಲ್ಲಿ ಹರಡಿ ಕಲ್ಲು ಹುಳು ಹುಡುಕುತ್ತಾಳೆ. ಆದರೆ ಅದೇ ಹೆಂಗಸು ಅದೇ ಸಂಜೆ ಮೆಡಿಕಲ್ ಸ್ಟೋರಿನ ಮುಂದೆ ನಿಂತಾಗ ಅವಳ ಕಣ್ಣು, ಕೈ, ಮೂಗು, ನಾಲಗೆಗಳೆಲ್ಲವೂ ಒಮ್ಮೆಗೇ ನಿರುಪಯುಕ್ತವಾಗುತ್ತವೆ.

“ಮಗೂಗೆ ಜ್ವರ, ಎರಡು ಗುಳಿಗೆ ಕೊಡಪ್ಪಾ.”

ಅಂಗಡಿಯ ಹುಡುಗನು ಹದಿನೈದು ಗುಳಿಗೆಗಳ ಪಟ್ಟಿಯೊಂದರಿಂದ ಎರಡನ್ನು ಕತ್ತರಿಸಿ, ಚಿಕ್ಕ ಕಾಗದದ ಚೀಲದೊಳಕ್ಕೆ ಇಳಿಸುತ್ತಾನೆ. “ಊಟ ಆದ ಮೇಲೆ ಅರ್ಧ ಕೊಡಿ ಅಮ್ಮಾ” ಎನ್ನುತ್ತಾನೆ. ಅವಳು ಚಿಲ್ಲರೆ ಎಣಿಸುತ್ತಾಳೆ. ಬಿಲ್ಲಿನ ಮಾತು ಇಬ್ಬರಲ್ಲಿ ಒಬ್ಬರಿಗೂ ನೆನಪಾಗುವುದಿಲ್ಲ. ಹೊಸಕೋಟೆಯಲ್ಲಾಗಲಿ, ನೆಲಮಂಗಲದಲ್ಲಾಗಲಿ, ದೇವನಹಳ್ಳಿಯಲ್ಲಾಗಲಿ, ಬೆಂಗಳೂರಿನ ಬಡಾವಣೆಗಳಲ್ಲಿಯೇ ಆಗಲಿ, ಇದು ದಿನನಿತ್ಯದ ನೋಟ. ಇದರಲ್ಲಿ ಯಾರಿಗೂ ದೋಷ ಕಾಣುವುದಿಲ್ಲ.

ಕತ್ತರಿಯ ಆ ಒಂದು ಹೊಡೆತದಲ್ಲಿ ಕಡಿದುಹೋದದ್ದು ಏನು ಎಂಬುದನ್ನು ತಿಳಿಯಬೇಕಾದರೆ ಪಟ್ಟಿಯ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಅಲ್ಲಿ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಔಷಧದ ಹೆಸರು, ತಯಾರಿಸಿದವರ ಹೆಸರು ವಿಳಾಸ, ಅವರ ಪರವಾನಗಿಯ ಸಂಖ್ಯೆ, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇವೆಲ್ಲ ಇರುತ್ತವೆ. ಜೊತೆಗೆ ಬ್ಯಾಚ್ ನಂಬರೆಂಬ ಒಂದು ಗುರುತೂ ಇರುತ್ತದೆ. ಮೊದಲಿನವನ್ನು ಓದುವವರು ಅಲ್ಲಲ್ಲಿ ಇದ್ದಾರೆ. ಬ್ಯಾಚ್ ನಂಬರನ್ನು ಓದುವವರು ಬಲು ವಿರಳ. ಮದುವೆಯ ಮನೆಯಲ್ಲಿ ಹತ್ತು ಕೊಪ್ಪರಿಗೆಗಳಲ್ಲಿ ಹುಳಿ ಕುದಿಯುತ್ತಿದೆಯೆನ್ನೋಣ. ಒಂದರಲ್ಲಿ ಏನೋ ಕೆಟ್ಟದ್ದು ಬಿದ್ದಿದ್ದರೆ, ಯಾವ ಪಂಕ್ತಿಗೆ ಯಾವ ಕೊಪ್ಪರಿಗೆಯ ಹುಳಿ ಬಡಿಸಿತೆಂಬುದು ಗೊತ್ತಿದ್ದರೆ ಮಾತ್ರ ಉಳಿದವರನ್ನು ಎಚ್ಚರಿಸಬಹುದು. ಔಷಧದ ಕಾರ್ಖಾನೆಯಲ್ಲಿ ಒಂದು ಕೊಪ್ಪರಿಗೆಯ ಹೆಸರೇ ಬ್ಯಾಚ್ ನಂಬರು.

ಈ ಗುರುತಿಗೆ ಇರುವ ಬೆಲೆಯನ್ನು ಜಗತ್ತು ಕಲಿತದ್ದು ಬಹು ದುಬಾರಿಯಾದ ಪಾಠದಿಂದ. 1937ರಲ್ಲಿ ಅಮೆರಿಕದ ಕಂಪೆನಿಯೊಂದು ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಮಕ್ಕಳಿಗೂ ಕುಡಿಯಲು ಅನುಕೂಲವಾಗಲೆಂದು ದ್ರವರೂಪಕ್ಕೆ ತಂದಿತು. ಆ ಪುಡಿ ಕರಗಲು ಅವರು ಆರಿಸಿಕೊಂಡ ದ್ರಾವಕ ಡೈಎಥಿಲೀನ್ ಗ್ಲೈಕಾಲ್. ರುಚಿಗೆ ಸಿಹಿ, ಮೂತ್ರಪಿಂಡಗಳಿಗೆ ವಿಷ. ರಾಸ್ಪ್‌ಬೆರಿ ಹಣ್ಣಿನ ಪರಿಮಳ ಬೆರೆಸಿ, ಯಾವ ಪ್ರಾಣಿಯ ಮೇಲೂ ಪರೀಕ್ಷಿಸದೆ ಮಾರಾಟಕ್ಕೆ ಬಿಟ್ಟರು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಆಗ ಸರ್ಕಾರದ ಇನ್ಸ್‌ಪೆಕ್ಟರುಗಳು ಸೀಸೆಗಳ ಬೆನ್ನು ಹತ್ತಿ ದೇಶವನ್ನೆಲ್ಲ ಅಲೆದರು. ವೈದ್ಯರ ಚೀಟಿಗಳನ್ನು ಜಾಲಾಡಿದರು. ಯಾರಿಗೆ ಮಾರಿದೆವೆಂಬ ದಾಖಲೆಯೇ ಕೆಲವು ಅಂಗಡಿಗಳಲ್ಲಿ ಇರಲಿಲ್ಲ. ತಯಾರಾಗಿದ್ದ 240 ಗ್ಯಾಲನ್ನುಗಳಲ್ಲಿ ಸುಮಾರು 234 ಗ್ಯಾಲನ್ ಕೈಗೆ ಸಿಕ್ಕಿತು. ಆ ಸಾವುಗಳೆಲ್ಲ ಸಿಕ್ಕದೆ ಉಳಿದ ಆರು ಗ್ಯಾಲನ್ನಿನ ಕೆಲಸ.

ಈ ಕಥೆಯಲ್ಲಿ ನಗಬೇಕೋ ಅಳಬೇಕೋ ತಿಳಿಯದಂಥ ಒಂದು ವಿವರವಿದೆ. ಪರೀಕ್ಷಿಸದೆ ಔಷಧ ಮಾರುವುದು ಅಂದಿನ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ. ಆ ಸೀಸೆಗಳನ್ನು ಜಪ್ತಿಮಾಡಲು ಸಿಕ್ಕ ಆಧಾರವೆಂದರೆ ಚೀಟಿಯ ಮೇಲಿದ್ದ ‘ಎಲಿಕ್ಸಿರ್’ ಎಂಬ ಶಬ್ದ. ಮದ್ಯಸಾರವಿಲ್ಲದ್ದನ್ನು ಆ ಹೆಸರಿನಿಂದ ಕರೆಯುವುದು ತಪ್ಪು! ಮನುಷ್ಯರನ್ನು ಕೊಂದದ್ದಕ್ಕಲ್ಲ, ಶಬ್ದವನ್ನು ತಪ್ಪಾಗಿ ಬಳಸಿದ್ದಕ್ಕೆ ಕ್ರಮ. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂದಿತು. ನಮ್ಮಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು 1931ರಲ್ಲಿಯೇ ವರದಿ ಕೊಟ್ಟಿತ್ತು. ಕಾಯಿದೆ ಆಗಲು 1940ರವರೆಗೆ ಕಾಯಬೇಕಾಯಿತು. ಇಂದಿಗೂ ಗುಳಿಗೆಯ ಬೆನ್ನಿನ ಬರಹವನ್ನು ಕಡ್ಡಾಯ ಮಾಡಿರುವುದು ಆ ಕಾಯಿದೆಯೂ ಅದರ 1945ರ ನಿಯಮಗಳೂ.

ಕಾಯಿದೆ ಬಂದಿತು, ಆದರೆ ಆ ಸಿಹಿ ವಿಷ ಮಾತ್ರ ಹೋಗಲಿಲ್ಲ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನೊಡನೆ ಬೆರೆತು ಬಂದು ಹದಿನಾಲ್ಕು ರೋಗಿಗಳನ್ನು ಬಲಿ ತೆಗೆದುಕೊಂಡಿತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದನ್ನು ವಿಚಾರಣೆ ಮಾಡಿತು. 2025ರ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ ಕೆಮ್ಮಿನ ಸಿರಪ್ಪು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಸಿರಪ್ಪು ತಯಾರಾದದ್ದು ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ. ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಶೇಕಡ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇತ್ತು. ಶೇಕಡ 0.1ನ್ನು ಮೀರಬಾರದೆಂಬುದು ಮಿತಿ. ಹೆಚ್ಚುಕಡಿಮೆ ಅರ್ಧ ಸೀಸೆ ವಿಷವೇ. ಎರಡು ರಾಜ್ಯಗಳ ನಡುವಣ ಅಷ್ಟು ದೂರವನ್ನು ದಾಟಿ ತನಿಖೆ ಕಾರ್ಖಾನೆಯ ಬಾಗಿಲಿಗೆ ತಲಪಿದ್ದು ಸೀಸೆಯ ಚೀಟಿಯ ಮೇಲಿದ್ದ ಹೆಸರು ಮತ್ತು ‘ಎಸ್‌ಆರ್–13’ ಎಂಬ ಬ್ಯಾಚ್ ಗುರುತನ್ನು ಹಿಡಿದು. ಚೀಟಿಯಿಲ್ಲದ ಸೀಸೆಯಾಗಿದ್ದರೆ ಅಷ್ಟರಲ್ಲಿ ಇನ್ನೆಷ್ಟು ಮನೆಗಳ ದೀಪ ಆರುತ್ತಿದ್ದವೋ.

ಇದು ಹೊರನಾಡಿನ ಮಾತಾಯಿತು. ಕನ್ನಡ ನಾಡಿನ ಗಾಯ ಇನ್ನೂ ಹಸಿಯಾಗಿದೆ. 2024ರ ನವೆಂಬರಿನ ಎರಡನೆಯ ವಾರದಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಕೆಲವು ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಮೂತ್ರಪಿಂಡಗಳು ಮೊದಲು ಸೋತವು, ಆಮೇಲೆ ಉಳಿದ ಅಂಗಗಳು. ಡಿಸೆಂಬರಿನ ಮೊದಲ ವಾರ ಮುಗಿಯುವ ಹೊತ್ತಿಗೆ ಐವರು ತೀರಿಕೊಂಡಿದ್ದರು. ಎಳೆಯ ಕೂಸುಗಳು ತಬ್ಬಲಿಯಾದವು. ಸಂಶಯ ಹೋದದ್ದು ಅವರ ರಕ್ತನಾಳಕ್ಕೆ ಹನಿಸಿದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಲವಣದ್ರವದ ಮೇಲೆ. ಜನ ಗ್ಲೂಕೋಸ್ ಬಾಟಲಿಯೆಂದೇ ಕರೆಯುವ, ಯಾವ ಆಸ್ಪತ್ರೆಯಲ್ಲಿಯೂ ತೂಗಾಡುವ ಸಾಮಾನ್ಯ ಬಾಟಲಿ ಅದು. ಪಶ್ಚಿಮ ಬಂಗಾಳದ ಕಾರ್ಖಾನೆಯೊಂದರಲ್ಲಿ ತಯಾರಾಗಿ ರಾಜ್ಯದ ಔಷಧ ಸರಬರಾಜು ನಿಗಮದ ಮೂಲಕ ಬಂದಿತ್ತು.

ಇಂಥ ದ್ರವದ ವಿಷಯದಲ್ಲಿ ಒಂದು ಸೂಕ್ಷ್ಮವುಂಟು. ಬಾಟಲಿಯನ್ನು ಚೆನ್ನಾಗಿ ಬೇಯಿಸಿದರೆ ಒಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಸತ್ತ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ಆ ಶಾಖಕ್ಕೆ ಜಗ್ಗದೆ ಉಳಿಯಬಲ್ಲವು. ಎಂಡೋಟಾಕ್ಸಿನ್ ಎಂಬ ಹೆಸರಿನ ಈ ಅವಶೇಷವು ನೇರವಾಗಿ ರಕ್ತಕ್ಕೆ ಸೇರಿದರೆ ಜ್ವರ, ನಡುಕ, ರಕ್ತದೊತ್ತಡದ ಕುಸಿತ, ಅಂಗಾಂಗಗಳ ವೈಫಲ್ಯ. ನೋಡುವುದಕ್ಕೆ ನೀರು ಸ್ಫಟಿಕದಷ್ಟೇ ತಿಳಿಯಾಗಿರುತ್ತದೆ. ಇದನ್ನು ಪತ್ತೆಮಾಡಲು ಹಿಂದೆ ಮೊಲಗಳಿಗೆ ಚುಚ್ಚಿ ಜ್ವರ ಬರುತ್ತದೆಯೇ ಎಂದು ನೋಡುತ್ತಿದ್ದರು. ಆಮೇಲೆ ಲಾಳದ ಆಕಾರದ ಒಂದು ಕಡಲಜೀವಿಯ ನೀಲಿ ರಕ್ತದಿಂದ ತೆಗೆದ ಸಾರವು ಎಂಡೋಟಾಕ್ಸಿನ್ ಸೋಂಕಿದೊಡನೆ ಹೆಪ್ಪುಗಟ್ಟುವುದನ್ನು ಕಂಡು ಅದನ್ನೇ ಪರೀಕ್ಷೆಗೆ ಬಳಸತೊಡಗಿದರು. ಬೆರಳ ತುದಿಯಲ್ಲಿ ರೇಷ್ಮೆಯನ್ನು ಗುರುತಿಸುವ ಜಾಣೆಗೆ ಇಲ್ಲಿ ದಿಕ್ಕಾಗಬಲ್ಲದ್ದು ಪ್ರಯೋಗಾಲಯ ಒಂದೇ.

ಆ ಪ್ರಯೋಗಾಲಯಗಳೇ ಒಂದು ಮಾತನ್ನು ಆಡದೆ ಹೋದರೆ? ಬಳ್ಳಾರಿಯ ಪ್ರಕರಣದಲ್ಲಿ ಮನಸ್ಸನ್ನು ಕಲಕುವ ಸಂಗತಿ ಅದೇ. ಅದೇ ತಯಾರಕರ ಕೆಲವು ಬ್ಯಾಚುಗಳು ಗುಣಮಟ್ಟಕ್ಕಿಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿ, ಬಳಕೆಯನ್ನು ತಡೆಹಿಡಿಯಲಾಗಿತ್ತು. ತಯಾರಕರು ಒಪ್ಪಲಿಲ್ಲ. ಕೇಂದ್ರದ ಪ್ರಯೋಗಾಲಯದಿಂದ ಗುಣಮಟ್ಟ ಸರಿಯಿದೆಯೆಂಬ ವರದಿ ಬಂದ ಮೇಲೆ ಕೆಲವನ್ನು ಬಳಸಲು ಅವಕಾಶವಾಯಿತೆಂದು ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ತಿಳಿಸಿದರು. ಕಾಯಿದೆಯ ಪ್ರಕಾರ ರಾಜ್ಯದ ವರದಿಯನ್ನು ಪ್ರಶ್ನಿಸಲು ತಯಾರಕನಿಗೆ 28 ದಿನಗಳ ಅವಕಾಶವಿದೆ. ನ್ಯಾಯಾಲಯದ ಮೂಲಕ ಮಾದರಿಯು ಕೇಂದ್ರ ಪ್ರಯೋಗಾಲಯಕ್ಕೆ ಹೋದರೆ ಅಲ್ಲಿಯ ಮಾತೇ ಕೊನೆಯದು. ವ್ಯಾಪಾರಿಗೆ ಅನ್ಯಾಯವಾಗಬಾರದೆಂಬ ಈ ಎಚ್ಚರ ತಪ್ಪಲ್ಲ. ಆದರೆ ಎರಡು ವರದಿಗಳು ಒಂದಕ್ಕೊಂದು ವಿರುದ್ಧವಾಗಿರುವಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ಕಟಕಟೆಯಲ್ಲಿ ನಿಂತ ಆರೋಪಿಗೆ ಅದನ್ನು ಕೊಡುವುದು ನಾಗರಿಕತೆ. ಹೆರಿಗೆಯ ಮಂಚದ ಮೇಲೆ ತೂಗಾಡುವ ಬಾಟಲಿಗೆ ಕೊಡುವುದು ಯಾವ ನ್ಯಾಯ? 2024ರ ನವೆಂಬರ್ ಕೊನೆಯಲ್ಲಿ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಲಾಯಿತು. ಮುಂದಿನ ಜನವರಿಯಲ್ಲಿ ಬಂಗಾಳದ ಮೇದಿನೀಪುರದಲ್ಲಿ ಬಾಣಂತಿಯೊಬ್ಬರು ಸತ್ತಾಗಲೂ ಬೆರಳು ತೋರಿದ್ದು ಅದೇ ತಯಾರಕರ ಬಾಟಲಿಯ ಕಡೆಗೆ.

ಆಸ್ಪತ್ರೆಯ ಬಾಟಲಿಯನ್ನು ರೋಗಿ ಆರಿಸಿಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಕೊಳ್ಳುವ ಔಷಧದ ವಿಷಯದಲ್ಲಾದರೋ ಗ್ರಾಹಕನಿಗೆ ಕಾಯಿದೆಯು ಒಂದು ಹಕ್ಕನ್ನು ಕೊಟ್ಟಿದೆ. ಅದನ್ನು ಬಲ್ಲವರು ಕಡಮೆ. ಅದರ 26ನೆಯ ಪ್ರಕರಣದಂತೆ ಔಷಧ ಕೊಂಡ ಯಾವ ವ್ಯಕ್ತಿಯಾದರೂ, ಮಾನ್ಯತೆ ಪಡೆದ ಗ್ರಾಹಕ ಸಂಘವಾದರೂ, ನಿಗದಿಯಾದ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿಯನ್ನು ಪಡೆಯಬಹುದು. ದೊಡ್ಡಬಳ್ಳಾಪುರದಿಂದ ಸುಮಾರು ನಲವತ್ತು ಕಿಲೋಮೀಟರು ಬಂದರೆ ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಔಷಧ ಪರೀಕ್ಷಾ ಪ್ರಯೋಗಾಲಯವಿದೆ. ಆದರೆ ಅಲ್ಲಿಗೆ ಕಾಗದದ ಚೀಲದಲ್ಲಿ ಎರಡು ಅನಾಮಧೇಯ ಗುಳಿಗೆಗಳನ್ನು ಒಯ್ದವರು ಏನೆಂದು ಅರ್ಜಿ ಬರೆದಾರು? ಯಾರು ಮಾಡಿದ್ದು, ಯಾವ ಬ್ಯಾಚು, ಯಾವ ದಿನ ಎಲ್ಲಿ ಕೊಂಡದ್ದು? ಬಿಲ್ಲಿಲ್ಲದಿದ್ದರೆ ಅಂಗಡಿಯವನು “ನಮ್ಮದಲ್ಲ” ಎಂದುಬಿಟ್ಟರೂ ಮುಗಿಯಿತು. ಮಗ್ಗದಲ್ಲಿ ಎಳೆ ಕಡಿದರೆ ನೇಕಾರನು ಅದರ ತುದಿಯನ್ನು ಹುಡುಕಿ ಗಂಟು ಹಾಕುತ್ತಾನೆ. ಇಲ್ಲಿ ಹುಡುಕಲು ತುದಿಯೇ ಇರುವುದಿಲ್ಲ.

ಹಾಗೆಂದು ಎರಡು ಗುಳಿಗೆ ಕೇಳಿದ ಹೆಂಗಸನ್ನು ಗದರಿಸುವುದು ಅನ್ಯಾಯ. ದಿನದ ಕೂಲಿಯಿಂದ ದಿನದ ಅಕ್ಕಿ ಕೊಳ್ಳುವ ಮನೆಯಲ್ಲಿ ಹದಿನೈದು ಗುಳಿಗೆಗಳ ಪಟ್ಟಿಯನ್ನು ಇಡಿಯಾಗಿ ಕೊಳ್ಳಿ ಎನ್ನುವುದು ಹೊಟ್ಟೆ ತುಂಬಿದವರ ಉಪದೇಶ. ಬೇಡದ ಹದಿಮೂರು ಗುಳಿಗೆಗಳು ಮನೆಯಲ್ಲಿ ಉಳಿದು ಮಕ್ಕಳ ಕೈಗೆ ಸಿಕ್ಕುವುದೂ ಅಪಾಯವೇ. ಪಟ್ಟಿಯಲ್ಲಿ ಅಂಚೆಚೀಟಿಯ ಹಾಳೆಯಂತೆ ಸಾಲುರಂಧ್ರಗಳಿದ್ದು, ಪ್ರತಿಯೊಂದು ಗುಳಿಗೆಯ ಬೆನ್ನ ಮೇಲೂ ಬ್ಯಾಚು ಮತ್ತು ಅವಧಿ ಅಚ್ಚಾಗಿದ್ದರೆ ಈ ತೊಡಕೇ ಇರದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಇಂಥ ಯೋಚನೆಯನ್ನು ಮುಂದಿಟ್ಟಿತ್ತು. ಅದೇ ವರ್ಷದ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಹೆಸರಿನ ಔಷಧಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ; ಮೊಬೈಲು ಹಿಡಿದರೆ ತಯಾರಕರ ವಿವರ, ಬ್ಯಾಚು, ದಿನಾಂಕಗಳು ಕಾಣುತ್ತವೆ. ಒಳ್ಳೆಯದೇ. ಆದರೆ ಆ ಚೌಕವೂ ಪಟ್ಟಿಯ ಯಾವುದೋ ಒಂದು ಮೂಲೆಯಲ್ಲಿಯೋ ಹೊರಡಬ್ಬಿಯ ಮೇಲೆಯೋ ಇರುವವರೆಗೆ ಕತ್ತರಿಗೆ ಅದರ ಭಯವೇನು?

ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯ ಬಿಲ್ಲು. ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಎರಡನ್ನೂ ಬರೆದ ಬಿಲ್ಲು. ಕೊಂಡದ್ದು ಎರಡೇ ಗುಳಿಗೆಯಾದರೂ ಸರಿ. ಅಂಗಡಿಯವರು ಅಕ್ಷರವಿರುವ ತುದಿಯನ್ನು ಕೊನೆಯವರೆಗೆ ಉಳಿಸಿ ಇನ್ನೊಂದು ತುದಿಯಿಂದ ಕತ್ತರಿಸುತ್ತ ಬಂದರೆ ಬರೆಯುವುದು ಕಷ್ಟವೂ ಅಲ್ಲ. ಹಾಗೆ ಮಾಡುವ ಅಂಗಡಿಗಳೂ ಇವೆ. ಕೇಳುವವರಿಲ್ಲದ್ದರಿಂದ ಮಾಡದಿರುವ ಅಂಗಡಿಗಳೇ ಹೆಚ್ಚು.

ರಾತ್ರಿ ಎಂಟು ಗಂಟೆ. ಮಗ್ಗಗಳ ಸದ್ದು ಇನ್ನೂ ನಿಂತಿಲ್ಲ. ಅಂಗಡಿಯ ಮುಂದೆ ಮುದುಕಿಯೊಬ್ಬಳು, ಪಕ್ಕದಲ್ಲಿ ಹೈಸ್ಕೂಲಿನ ಮೊಮ್ಮಗಳು. “ಅಣ್ಣಾ, ಬಿಲ್ ಬರ್ಕೊಡಿ. ಬ್ಯಾಚ್ ನಂಬರೂ ಹಾಕಿ” ಎನ್ನುತ್ತಾಳೆ ಹುಡುಗಿ. “ಎರಡು ಮಾತ್ರೆಗೆ ಬಿಲ್ಲೇನಮ್ಮಾ?” ಎಂದು ಅಂಗಡಿಯವನ ನಗು. ಹಿಂದೆ ನಿಂತವರು ಅವಸರಪಡುತ್ತಾರೆ. ಮುದುಕಿಗೂ ಸಂಕೋಚ, ಮೊಮ್ಮಗಳ ತೋಳನ್ನು ಮೆಲ್ಲನೆ ಎಳೆಯುತ್ತಾಳೆ. ಹುಡುಗಿ ಕದಲುವುದಿಲ್ಲ. ಅಂಗಡಿಯವನು ಕನ್ನಡಕ ಹುಡುಕಿ ಹಾಕಿಕೊಂಡು, ಪಟ್ಟಿಯನ್ನು ದೀಪದ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದುತ್ತ ಬರೆಯತೊಡಗುತ್ತಾನೆ.