ಹರಟೆಗೂ ಎಡೆಯಿರಲಿ

ಹರಟೆಯ ವಿಷಯದಲ್ಲಿ ಕನ್ನಡಿಗರ ನಾಲಗೆ ಅಷ್ಟೇನೂ ಮೃದುವಲ್ಲ. ಕಾಡುಹರಟೆ, ಒಣಹರಟೆ, ಹರಟೆಮಲ್ಲ—ಈ ಪದಗಳಲ್ಲಿ ಒಂದೂ ಪ್ರಶಂಸೆಗೆ ಹುಟ್ಟಿದ್ದಲ್ಲ. ದುಡಿಯಲೆಂದೇ ಊರು ಬಿಟ್ಟು ಮಹಾನಗರ ಸೇರಿದವರಿಗಂತೂ ಹರಟೆಯೆಂದರೆ ಕಾಲಹರಣದ ಇನ್ನೊಂದು ಹೆಸರು. ಆದರೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರು. ಊಟದ ಪಥ್ಯದ ಬಗೆಗೆ ಇಂದು ಮನೆಮನೆಯಲ್ಲಿ ಎಚ್ಚರವಿದೆ. ಉಪ್ಪು ಎಷ್ಟು, ಸಕ್ಕರೆ ಎಷ್ಟು ಎಂದು ಅಳೆದು ತಿನ್ನುವವರಿದ್ದಾರೆ. ದಿನಕ್ಕೆ ಮಾತೆಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ.

ಹರಟೆಗೆ ಉದ್ದೇಶವಿಲ್ಲ, ಅದೇ ಅದರ ಲಕ್ಷಣ. ಊರಲ್ಲಿ ಮಳೆ ಬಂತೆ, ಈ ಸಲ ಮಾವಿನಹಣ್ಣು ಏಕೆ ಸಪ್ಪೆ, ಯಾರ ಮಗನಿಗೆ ಹೆಣ್ಣು ಗೊತ್ತಾಯಿತು—ಇಷ್ಟನ್ನೇ ನಾಲ್ಕು ಜನ ಒಂದು ಗಂಟೆ ತಿರುವಿ ಹಾಕುತ್ತಾರೆ. ಬರೆದಿಟ್ಟರೆ ಅರ್ಧ ಪುಟವೂ ಆಗದು. ಆದರೆ ಆ ಮಾತುಗಳ ಅಡಿಯಲ್ಲಿ ‘ನೀನೂ ನಮ್ಮ ಲೆಕ್ಕದಲ್ಲಿದ್ದೀಯೆ’ ಎಂಬ ಮತ್ತೊಂದು ಮಾತು ಸಾಗಿರುತ್ತದೆ. ಬ್ರಿಟನ್ನಿನ ವಿದ್ವಾಂಸ ರಾಬಿನ್ ಡನ್‌ಬಾರ್ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೋತಿಗಳು ಒಂದರ ಮೈಯನ್ನೊಂದು ಹೆಕ್ಕಿ ಸ್ನೇಹವನ್ನು ಉಳಿಸಿಕೊಳ್ಳುವಂತೆ ಮನುಷ್ಯರು ಹರಟೆಯಿಂದ ಉಳಿಸಿಕೊಳ್ಳುತ್ತಾರೆ ಎಂದು ವಾದಿಸಿದರು. ಭಾಷೆಯ ಹುಟ್ಟಿನ ಬಗೆಗೆ ಅವರು ಹೇಳುವುದನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಅರಳಿಕಟ್ಟೆಯ ಮೇಲೆ ಒಂದು ಸಂಜೆ ಕುಳಿತವರಿಗೆ ಇದರ ತಿರುಳು ತಿಳಿಯದೆ ಇರದು.

ವೈದ್ಯಶಾಸ್ತ್ರವೂ ಈ ಕಡೆಗೆ ಗಮನ ಹರಿಸಿದೆ. 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಒಡನಾಟ ಗಟ್ಟಿಯಾಗಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಂಭವ ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂತು. ರೋಗಿಗಳು ತಾವಾಗಿಯೇ ಜನರಿಂದ ದೂರ ಸರಿಯುವುದೂ ಉಂಟಾದ್ದರಿಂದ ಇದರಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಪೂರ್ತಿ ಬಿಡಿಸಿ ಹೇಳುವುದು ಕಷ್ಟ; ಹರಟೆ ಹೊಡೆದು ರಕ್ತದೊತ್ತಡದ ಮಾತ್ರೆ ಬಿಡಬಹುದೆಂದು ಯಾರೂ ತಿಳಿಯಬಾರದು. ಆದರೂ ಒಂಟಿತನವನ್ನು ಆರೋಗ್ಯದ ಪ್ರಶ್ನೆಯೆಂದು ಸರಕಾರಗಳೇ ಒಪ್ಪುವ ಕಾಲ ಬಂದಿದೆ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದು, ಈ ವಿಷಯದಲ್ಲಿ ಇಡೀ ದೇಶಕ್ಕೆ ಎಚ್ಚರಿಕೆಯ ವರದಿ ಹೊರಡಿಸಿದ ಡಾ. ವಿವೇಕ ಮೂರ್ತಿಯವರದು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನ. ಲೋಕದಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ತಿಳಿಸಿತು.

ಆ ಆರರಲ್ಲಿ ಒಬ್ಬರು ಮುಂಬಯಿ ಕನ್ನಡಿಗರ ಮನೆಯಲ್ಲೂ ಇರಬಹುದು. ಅರವತ್ತೈದು ದಾಟಿದ ತಾಯಿಯನ್ನು ಮಗ ಊರಿನಿಂದ ಕರೆತಂದು ಠಾಣೆಯ ಏಳನೆಯ ಮಹಡಿಯಲ್ಲಿ ಇರಿಸಿಕೊಳ್ಳುತ್ತಾನೆ. ಪ್ರೀತಿಗೆ ಕೊರತೆಯಿಲ್ಲ, ಔಷಧ, ಹಾಲು, ಹಣ್ಣು, ದೂರದರ್ಶನ ಎಲ್ಲವೂ ಉಂಟು. ಎಂಟು ಗಂಟೆಗೆ ಮಗ, ಸೊಸೆ ಹೊರಡುತ್ತಾರೆ. ಮೊಮ್ಮಗನ ಬಾಯಲ್ಲಿ ಹಿಂದಿ, ಇಂಗ್ಲಿಷು. ಎದುರುಮನೆಯ ಮರಾಠಿ ಹೆಂಗಸು ಒಳ್ಳೆಯವರೇ, ಕಂಡಾಗ ನಗುತ್ತಾರೆ. ಆದರೆ ನಗುವಿಗೂ ಹರಟೆಗೂ ನಡುವೆ ಒಂದು ಭಾಷೆಯಷ್ಟು ಅಂತರ. ಊರಿನಲ್ಲಿ ಹೂ ಮಾರುವವಳಿಂದ ಹಿಡಿದು ಹಿತ್ತಲಿನಾಚೆಯ ಓರಗಿತ್ತಿಯವರೆಗೆ ದಿನಕ್ಕೆ ಹತ್ತು ಜನರೊಡನೆ ಆಡುತ್ತಿದ್ದ ಮಾತು ಇಲ್ಲಿ ‘ಕುಕ್ಕರ್ ಎಷ್ಟು ಸಲ ಕೂಗಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆರು ತಿಂಗಳಲ್ಲಿ ನಿದ್ರೆ ಬಾರದು, ಊಟ ಸೇರದು ಎಂಬ ದೂರು ಮೊದಲಾಗುತ್ತದೆ. ರಕ್ತಪರೀಕ್ಷೆ ನಡೆಯುತ್ತದೆ, ನಡೆಯಬೇಕಾದ್ದೇ. ‘ನೀವು ದಿನವೂ ಯಾರೊಡನೆ ಮಾತಾಡುತ್ತೀರಿ?’ ಎಂದು ಕೇಳುವ ವೈದ್ಯರು ವಿರಳ.

ನಿವೃತ್ತರ ಪಾಡು ಇನ್ನೊಂದು ಬಗೆಯದು. ಮೂವತ್ತೈದು ವರ್ಷ ಅದೇ ಲೋಕಲ್ಲು, ಅದೇ ಡಬ್ಬಿ, ಅದೇ ಗೆಳೆಯರು. ನಿತ್ಯದ ಹರಟೆಯೆಲ್ಲ ಅಲ್ಲೇ ಮುಗಿಯುತ್ತಿತ್ತು. ಕಛೇರಿಯಿಂದ ಬೀಳ್ಕೊಡುವಾಗ ಹಾರ ಹಾಕಿ ಕಾಣಿಕೆ ಕೊಟ್ಟರು. ರೈಲಿನ ಡಬ್ಬಿಯಿಂದಲೂ ಅದೇ ದಿನ ನಿವೃತ್ತಿಯಾಯಿತೆಂಬುದು ಆ ಮನುಷ್ಯನಿಗೆ ಮುಂದಿನ ಸೋಮವಾರವೇ ತಿಳಿಯುವುದು.

ಇಲ್ಲಿ ಕಿವಿಯ ಮಾತನ್ನೂ ಹೇಳಬೇಕು. ವಯಸ್ಸಾದಂತೆ ಕ್ಷೀಣಿಸುವ ಶ್ರವಣಶಕ್ತಿ ಸಾಮಾನ್ಯವಾಗಿ ಏರುಸ್ವರಗಳನ್ನು ಮೊದಲು ಕಳೆದುಕೊಳ್ಳುತ್ತದೆ. ಒಬ್ಬರೊಡನೆ ಮಾತಾಡುವಾಗ ತೊಂದರೆ ಕಾಣದವರೂ ನಾಲ್ಕು ಜನ ಒಟ್ಟಿಗೆ ನಕ್ಕಾಗ ತಬ್ಬಿಬ್ಬಾಗುತ್ತಾರೆ. ಮತ್ತೆ ಮತ್ತೆ ‘ಏನಂದಿರಿ?’ ಎನ್ನಲು ಸಂಕೋಚಪಟ್ಟು ಮೆಲ್ಲನೆ ಗುಂಪನ್ನು ಬಿಡುತ್ತಾರೆ. ಮನೆಯವರು ಇದನ್ನು ಮುನಿಸೆಂದು ಭಾವಿಸುತ್ತಾರೆ. ಬುದ್ಧಿಮಾಂದ್ಯಕ್ಕೆ ಎಡೆಗೊಡಬಲ್ಲ, ಆದರೆ ತಕ್ಕಮಟ್ಟಿಗೆ ತಡೆಯಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ಆಯೋಗವು 2024ರಲ್ಲಿ ಪಟ್ಟಿಮಾಡಿದಾಗ ಶ್ರವಣದೋಷವೂ ಒಡನಾಟದ ಅಭಾವವೂ ಅದರಲ್ಲಿ ಸೇರಿದ್ದವು. ಗುಗ್ಗೆ ಕಟ್ಟಿದ ಕಿವಿಯನ್ನು ವೈದ್ಯರಿಂದ ಶುಚಿಮಾಡಿಸಿದ ಮಾತ್ರಕ್ಕೇ ಮತ್ತೆ ಗುಂಪಿಗೆ ಬಂದವರುಂಟು. ಸಡಿಲವಾದ ಹಲ್ಲಿನ ಸೆಟ್ಟು ಕೂಡ ಎಷ್ಟೋ ಜನರನ್ನು ಮೌನಿಗಳನ್ನಾಗಿಸಿದೆ!

ಇಷ್ಟರ ನಡುವೆ ಕನ್ನಡ ಸಂಘಗಳು ಏನು ಮಾಡುತ್ತಿವೆ? ರಾಜ್ಯೋತ್ಸವ, ವಾರ್ಷಿಕೋತ್ಸವ, ಸನ್ಮಾನ, ಶಾಲು, ಫಲತಾಂಬೂಲ—ಇವು ಬೇಡವೆಂದಲ್ಲ. ಆದರೆ ಮೂರು ಗಂಟೆಯ ಸಭೆಯಲ್ಲಿ ಮಾತಾಡುವವರು ಐವರು, ಕೇಳುವವರು ಮುನ್ನೂರು. ಆ ಮುನ್ನೂರು ಜನ ನಿಜವಾಗಿ ಬಯಸಿ ಬಂದದ್ದು ಕಾಫಿಯ ವಿರಾಮಕ್ಕೆ. ಅಲ್ಲಿ ಧಾರವಾಡದ ಹರಟಿ, ಮಂಗಳೂರಿನ ಪಟ್ಟಾಂಗ, ಮೈಸೂರಿನ ಲೋಕಾಭಿರಾಮ ಮೂರೂ ಒಂದೇ ಬೆಂಚಿನ ಮೇಲೆ ಕೂಡುತ್ತವೆ. ಒಳನಾಡಿನಲ್ಲೂ ಅಪರೂಪವಾದ ಸಂಗಮ ಅದು. ಅಷ್ಟರಲ್ಲಿ ‘ದಯವಿಟ್ಟು ಎಲ್ಲರೂ ಆಸನಾರೂಢರಾಗಬೇಕು’ ಎಂದು ಧ್ವನಿವರ್ಧಕ ಕೂಗುತ್ತದೆ. ಮಕ್ಕಳು ಕನ್ನಡ ಕಲಿಯುತ್ತಿಲ್ಲವೆಂಬ ಭಾಷಣ ಮುಂದುವರಿಯುತ್ತದೆ. ದೊಡ್ಡವರು ಕನ್ನಡದಲ್ಲಿ ಬಿದ್ದು ಬಿದ್ದು ನಗುವುದನ್ನು ಕಂಡ ಮಗು, ಆ ನಗೆಯಲ್ಲಿ ಪಾಲು ಬೇಕೆಂದಾದರೂ ಆ ಭಾಷೆಗೆ ಕಿವಿಗೊಟ್ಟೀತು. ಕನ್ನಡಿಗರನ್ನು ನಗಿಸಲೆಂದು 1942ರಲ್ಲಿ ‘ಕೊರವಂಜಿ’ ಪತ್ರಿಕೆಯನ್ನು ಆರಂಭಿಸಿದ ರಾಶಿಯವರು ವೃತ್ತಿಯಿಂದ ವೈದ್ಯರಾಗಿದ್ದರೆಂಬುದು ಕಾರ್ಯಕಾರಿ ಸಮಿತಿಗಳಿಗೆ ನೆನಪಿರಬೇಕು.

ಹರಟೆ ಚಾಡಿಗೆ ತಿರುಗುವುದುಂಟು, ಜಾತಿಗೊಂದು ತಾಲ್ಲೂಕಿಗೊಂದು ಗುಂಪಾಗುವುದೂ ಉಂಟು. ಹಾಗೆಂದು ಬಾಗಿಲನ್ನೇ ಮುಚ್ಚಿದರೆ ಚಾಡಿ ಹೊರಗೆ ನಿಂತು ನಡೆಯುತ್ತದೆ, ಅಷ್ಟೆ. ಇನ್ನು ಕೈಫೋನಿನಲ್ಲಿ ಬೆಳಗಾದರೆ ಬಂದು ಬೀಳುವ ಹೂವಿನ ಚಿತ್ರಗಳು ಹರಟೆಯ ಸ್ಥಾನವನ್ನು ತುಂಬಲಾರವು. ಹಾಸಿಗೆ ಹಿಡಿದವರಿಗೆ ಗೆಳೆಯರ ಕರೆ ಬಂದರೆ ಅದು ಬೇರೆ ಮಾತು.

ಸ್ವಂತ ಕಟ್ಟಡವಿರುವ ಸಂಘಗಳು ವಾರಕ್ಕೆ ಮೂರು ದಿನ, ಎರಡೆರಡು ಗಂಟೆ, ಕಾರ್ಯಕ್ರಮವಿಲ್ಲದೆ ಬಾಗಿಲು ತೆರೆದಿಡಲಿ. ಹೆಂಗಸರಿಗೆ ಅನುಕೂಲವಾಗುವಂತೆ ಒಂದು ದಿನವಾದರೂ ಬೆಳಗಿನ ಹನ್ನೊಂದು ಗಂಟೆ ಇರಲಿ. ಬೆನ್ನೊರಗುವ ಕುರ್ಚಿಗಳನ್ನು ಸಾಲಾಗಿ ಇಡದೆ ಸುತ್ತಲೂ ಹಾಕಬೇಕು, ಹಾಗಾದರೆ ಕಿವಿ ಮಂದವಾದವರಿಗೆ ಎದುರಿನವರ ತುಟಿ ಕಾಣುತ್ತದೆ. ಮೊದಲ ಸಲ ಬರುವ ವೃದ್ಧರನ್ನು ಯಾರಾದರೊಬ್ಬರು ಮನೆಯಿಂದ ಕರೆತರಬೇಕು. ನಾಲ್ಕು ದಿನ ಕಾಣದವರ ಮನೆಗೆ ಐದನೆಯ ದಿನ ಒಬ್ಬರು ಹೋಗಿ ಬರಬೇಕು. ಖರ್ಚು ಚಹಾ, ಕಾಫಿಯಷ್ಟು. ಮುಹೂರ್ತದ ದಿನಗಳಲ್ಲಿ ಸಭಾಗೃಹವನ್ನು ಮದುವೆಗೆ ಕೊಡಬೇಕಾಗುತ್ತದೆಂಬ ಆಕ್ಷೇಪ ಖಜಾಂಚಿಯವರಿಂದ ಬರಬಹುದು. ಆ ದಿನಗಳಿಗೆ ಮೆಟ್ಟಿಲ ಬದಿಯ ಜಾಗ, ಎಂಟು ಕುರ್ಚಿ ಸಾಕು.